ಇಕೋ ಮೋಡ್ ಸದಾ ಹಾಕಿಡಬೇಕಾ? ಎಂಟು ತಿಂಗಳು ಹಾಕಿಟ್ಟವನ ಉತ್ತರ

ಹೊಸ ಆಟೋಮ್ಯಾಟಿಕ್ ಗಾಡಿಯಲ್ಲಿ ಇಕೋ ಮೋಡ್, ಅಂದರೆ ಪೆಟ್ರೋಲ್ ಉಳಿಸೋಕೆ ಅಂತ ಇರುವ ಸೆಟ್ಟಿಂಗ್, ಯಾವಾಗಲೂ ಆನ್ ಇಟ್ಟರೆ ಮೈಲೇಜ್ ಎಷ್ಟು ಜಾಸ್ತಿ ಬರುತ್ತೆ ಅಂತ ಕೇಳಿದ್ದೀರಿ. ಗಾಡಿ ತಂದ ಹೊಸತರಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ. ಸ್ಟಾರ್ಟ್ ಮಾಡಿದ ಕೂಡಲೇ ಕೈ ಮೊದಲು ಇಕೋ ಬಟನ್‌ಗೇ ಹೋಗುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಹಸಿರು ಎಲೆ ಮೂಡಿದರೆ ಏನೋ ಸಮಾಧಾನ. ಎಂಟು ತಿಂಗಳು ಹೀಗೇ ಓಡಿಸಿದೆ.

ಒಂದು ಸಂಜೆ ಎರಡು ಲೇನಿನ ರಸ್ತೆ. ಮುಂದೆ ಲಾರಿ, ಸುಮಾರು 60ರ ವೇಗ. ಪಕ್ಕದಲ್ಲಿ ಅಕ್ಕ ಕೂತಿದ್ದಳು. ಎದುರಿಗೆ ದೂರದಲ್ಲಿ ಒಂದು ಕಾರು ಕಾಣುತ್ತಿತ್ತು. ಆರಾಮಾಗಿ ದಾಟಬಹುದು ಅನ್ನಿಸಿತು. ಲಾರಿಯ ಪಕ್ಕಕ್ಕೆ ಬಂದು ಆಕ್ಸಿಲರೇಟರ್ ತುಳಿದೆ. ಗಾಡಿ ಮುಂದೆ ಹೋಗಲೇ ಇಲ್ಲ. ಇನ್ನೂ ಒತ್ತಿದೆ. ಒಂದೂವರೆ ಸೆಕೆಂಡ್ ಆದ ಮೇಲೆ ಗೇರ್ ಇಳಿದು ಎಂಜಿನ್ ಜೋರಾಗಿ ಕೂಗಿತು. ಅಷ್ಟರಲ್ಲಿ ಎದುರಿನ ಕಾರು ಲೈಟ್ ಹೊಡೆಯುತ್ತಿತ್ತು. ಬ್ರೇಕ್ ಹಾಕಿ ಲಾರಿಯ ಹಿಂದಕ್ಕೆ ಸರಿದೆ. ಲಾರಿಯವನೂ ಗಾಬರಿಯಾಗಿ ಬ್ರೇಕ್ ಹಿಡಿದಿದ್ದ. ನನ್ನ ಬಂಪರ್ ಅವನ ಹಿಂಭಾಗಕ್ಕೆ ಬಡಿಯಿತು. ಅಕ್ಕ ಡ್ಯಾಶ್‌ಬೋರ್ಡಿಗೆ ಕೈ ಕೊಟ್ಟಿದ್ದಳು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್.

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳಲೇಬೇಕು. ಈಗಿನ ಗಾಡಿಗಳಲ್ಲಿ ಆಕ್ಸಿಲರೇಟರಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇಲ್ಲ. ಪೆಡಲ್ ಎಷ್ಟು ಒತ್ತಿದ್ದೀವಿ ಅಂತ ಒಂದು ಸೆನ್ಸರ್ ಅಳೆಯುತ್ತದೆ, ಎಂಜಿನ್ನಿಗೆ ಎಷ್ಟು ಕೊಡಬೇಕು ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ. ಇಕೋದಲ್ಲಿ ಅದು ಕೈ ಬಿಗಿ ಹಿಡಿಯುತ್ತದೆ. ಅಷ್ಟೇ ತುಳಿದರೂ ನಾರ್ಮಲ್‌ಗಿಂತ ಕಡಿಮೆ ಕೊಡುತ್ತದೆ. ಗೇರ್ ಬೇಗ ಏರುತ್ತದೆ, ಇಳಿಯೋಕೆ ಹಿಂದೇಟು ಹಾಕುತ್ತದೆ. ಬಹಳ ಗಾಡಿಗಳಲ್ಲಿ ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಿದರೆ ಇಕೋದಲ್ಲೂ ಪೂರ್ತಿ ಶಕ್ತಿ ಸಿಗುತ್ತದೆ, ಆದರೆ ನಾನು ರೂಢಿಯಂತೆ ಅರ್ಧ ಒತ್ತಿ ಕಾಯುತ್ತಾ ಕೂತೆ. ಹಳೆಯ ಗಾಡಿಯಲ್ಲಾದರೆ ಓವರ್‌ಟೇಕಿಗೆ ಮೊದಲೇ ಕೈಯಾರೆ ಮೂರನೇ ಗೇರಿಗೆ ಇಳಿಸುತ್ತಿದ್ದೆ. ಇಲ್ಲಿ ಆ ಕೆಲಸವನ್ನು ಗಾಡಿಗೆ ಬಿಟ್ಟೆ. ಅದೂ ಪೆಟ್ರೋಲ್ ಉಳಿಸು ಅಂತ ನಾನೇ ಹೇಳಿಟ್ಟಿದ್ದ ಗಾಡಿಗೆ! 60ರಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತೀವಿ. ಎದುರಿನವರೂ ಅದೇ ವೇಗದಲ್ಲಿದ್ದರೆ ಒಂದೂವರೆ ಸೆಕೆಂಡಿನಲ್ಲಿ 50 ಮೀಟರ್ ಜಾಗ ಹೋಯಿತು ಅಂತಲೇ ಲೆಕ್ಕ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಯಾವ ಮೋಡ್ ಅಂತ ನೋಡಬೇಡಿ, ಯಾವ ರಸ್ತೆ ಅಂತ ನೋಡಿ. ಊರೊಳಗೆ ನಿಂತು ನಿಂತು ಹೋಗುವ ಟ್ರಾಫಿಕ್ಕಿನಲ್ಲಿ ಇಕೋ ಚೆನ್ನಾಗಿದೆ. ಕಾಲು ಒರಟಾಗಿದ್ದರೂ ಗಾಡಿ ಜರ್ಕ್ ಹೊಡೆಯುವುದಿಲ್ಲ, ಎಸಿ ಸ್ವಲ್ಪ ಮಂದ ಆಗಬಹುದು ಅಷ್ಟೇ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಅದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಅಲ್ಲಿ ಪೆಟ್ರೋಲ್ ಕುಡಿಯುವುದು ಎದುರುಗಾಳಿಯ ತಡೆ. 80ರಿಂದ 100ಕ್ಕೆ ಏರಿದರೆ ಆ ತಡೆ ಒಂದೂವರೆ ಪಟ್ಟಿಗೂ ಜಾಸ್ತಿ ಆಗುತ್ತದೆ. ಯಾವ ಬಟನ್ನೂ ಅದನ್ನು ಕಮ್ಮಿ ಮಾಡಲ್ಲ, ಅಲ್ವಾ? ನಿಜವಾಗಿ ಉಳಿಸಬೇಕಾ? ಸಿಗ್ನಲ್ ಕೆಂಪಾಗಿದ್ದು ದೂರದಿಂದಲೇ ಕಂಡರೆ ಅಲ್ಲೇ ಕಾಲು ತೆಗೆಯಿರಿ. ಗೇರಿನಲ್ಲಿದ್ದಾಗ ಹಾಗೆ ಬಿಟ್ಟರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಐಡ್ಲಿಂಗ್‌ಗೆ ಕುಡಿಯುತ್ತಲೇ ಇರುತ್ತದೆ. ಗಾಡಿ ರಿಪೇರಿಯಾಗಿ ಬಂದ ಮೇಲೆ ನಾನು ಹೆದ್ದಾರಿಯಲ್ಲಿ ನಾರ್ಮಲ್‌ನಲ್ಲೇ ಓಡಿಸುತ್ತಿದ್ದೀನಿ. ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದರೆ ಮೈಲೇಜ್ ಮೊದಲಿನಷ್ಟೇ ಇದೆ.

ಸ್ಪೋರ್ಟ್ ಮೋಡ್ ಬಗ್ಗೆ ಜಾಸ್ತಿ ಹೇಳಲ್ಲ. ಅದು ಸಾಮಾನ್ಯವಾಗಿ ಹೊಸ ಶಕ್ತಿ ಕೊಡುವುದಿಲ್ಲ, ಇರುವುದನ್ನು ಬೇಗ ಕೊಡುತ್ತದೆ, ಕೆಳಗಿನ ಗೇರನ್ನು ಹಿಡಿದಿಟ್ಟುಕೊಳ್ಳುತ್ತದೆ. ಏರು ರಸ್ತೆಗೆ, ಓವರ್‌ಟೇಕಿಗೆ ನಾನು ಮೊದಲೇ ಅದಕ್ಕೆ ಬದಲಿಸಿಕೊಳ್ಳುತ್ತೀನಿ. ಮಳೆ, ಹಿಮಕ್ಕೆ ಅಂತ ಇರುವ ಮೋಡ್ ಚಕ್ರ ಜಾರದ ಹಾಗೆ ಪಿಕಪ್ಪನ್ನು ಮೆತ್ತಗೆ ಮಾಡುತ್ತದೆ. ಜಾರುವ ನೆಲದಲ್ಲಿ ಖಂಡಿತ ಬಳಸಿ.

ಒಂದು ಕೆಲಸ ಮಾಡಿ. ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, 50ರಲ್ಲಿ ಹೋಗುತ್ತಾ ಇಕೋದಲ್ಲಿ ಪೆಡಲ್ ಅರ್ಧ ಒತ್ತಿ. ಗಾಡಿ ಎಳೆಯುವ ತನಕ ಮನಸ್ಸಿನಲ್ಲೇ ಎಣಿಸಿ. ಆಮೇಲೆ ನಾರ್ಮಲ್‌ನಲ್ಲಿ, ಸ್ಪೋರ್ಟ್‌ನಲ್ಲಿ ಅದನ್ನೇ ಮಾಡಿ. ಆ ವ್ಯತ್ಯಾಸ ನಿಮ್ಮ ಕಾಲಿಗೆ ಗೊತ್ತಾಗುವ ತನಕ ಯಾವ ಲಾರಿಯನ್ನೂ ದಾಟೋಕೆ ಹೋಗಬೇಡಿ.