‘ತಪ್ಪದೆ ಕಟ್ಟುತ್ತಿದ್ದೇನಲ್ಲ ಮೇಡಂ?’

ನನ್ನ ಹತ್ತಿರ ಆಪ್ತಸಲಹೆಗೆ ಬಂದವರಲ್ಲಿ ಕ್ರೆಡಿಟ್ ಕಾರ್ಡ್ ಸಾಲದ ಇಂಥ ಪ್ರಕರಣ ಈ ವರ್ಷ ಇದು ನಾಲ್ಕನೆಯದು, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಸುರತ್ಕಲ್ ಕಡೆಯ ಹುಡುಗ, ವಯಸ್ಸು 29, ಮಂಗಳೂರಿನ ಒಂದು ಆಫೀಸಿನಲ್ಲಿ ಕೆಲಸ. ಬಂದದ್ದು ರಾತ್ರಿ ನಿದ್ದೆ ಬರುವುದಿಲ್ಲ ಅಂತ. ಎರಡನೇ ಭೇಟಿಯಲ್ಲಿ ಕ್ರೆಡಿಟ್ ಕಾರ್ಡಿನ ವಿಷಯ ಹೊರಬಂತು. ತಂಗಿಯ ಮದುವೆಗೆ ಉಜ್ಜಿದ್ದು, ಬಾಕಿ 80 ಸಾವಿರ. ‘ಆದರೆ ಎರಡು ವರ್ಷದಿಂದ ಒಂದು ತಿಂಗಳೂ ತಪ್ಪಿಸಿಲ್ಲ ಮೇಡಂ, ಮಿನಿಮಮ್ ಡ್ಯೂ ಕಟ್ಟುತ್ತಿದ್ದೇನೆ, ಕ್ರೆಡಿಟ್ ಸ್ಕೋರೂ ಚೆನ್ನಾಗಿದೆ’ ಅಂತ ಫೋನ್ ತೋರಿಸಿದ. (ಮಿನಿಮಮ್ ಡ್ಯೂ ಅಂದರೆ ಆ ತಿಂಗಳ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ.)

ಮೂರನೇ ಸಲ ಅಮ್ಮನನ್ನೂ ಕರೆದುಕೊಂಡು ಬಂದ. ಬೀಡಿ ಕಟ್ಟುವ ಹೆಂಗಸು, ದಿನಕ್ಕೆ 50 ರೂಪಾಯಿ ಪಿಗ್ಮಿ ಉಳಿತಾಯಕ್ಕೆ ಹಾಕುತ್ತಾರೆ. (ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕಿನಲ್ಲಿ, 1928ರಲ್ಲಿ, ದಿನಕ್ಕೆ 2 ಆಣೆಯಿಂದ. ಇಂಥ ಊರಿನ ಮಕ್ಕಳಿಗೆ ಬಡ್ಡಿ ಲೆಕ್ಕ ಗೊತ್ತಿಲ್ಲ ಅಂದರೆ ನನಗೆ ಸಿಟ್ಟೇ ಬರುತ್ತದೆ.) ನಾನು ಒಂದು ಹಾಳೆ ತೆಗೆದು ಅವನ ಕೈಯಲ್ಲೇ ಬರೆಸಿದೆ. ಅವನ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5. ಅಂದರೆ 80 ಸಾವಿರಕ್ಕೆ 2,800. ಅದರ ಮೇಲೆ ಶೇ. 18 ಜಿಎಸ್‌ಟಿ, 504. ಒಟ್ಟು 3,304. ಅವನು ಕಟ್ಟುವುದು 4,000. ಅಸಲಿಗೆ ಹೋಗುವುದು 696 ರೂಪಾಯಿ! ಅದರ ಜೊತೆಗೆ ಪೆಟ್ರೋಲಿಗೆ ಅದೇ ಕಾರ್ಡು. ಹಳೆ ಬಾಕಿ ಇದ್ದಾಗ ಹೊಸ ಖರ್ಚಿಗೆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ, ಉಜ್ಜಿದ ದಿನದಿಂದಲೇ ಬಡ್ಡಿ ಶುರು ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಮಿನಿಮಮ್ ಕಟ್ಟಿದರೆ ತಡವಾದ ದಂಡ ಬೀಳುವುದಿಲ್ಲ, ಸುಸ್ತಿದಾರ ಅಂತ ದಾಖಲಾಗುವುದಿಲ್ಲ, ಅಷ್ಟೇ.

ಅಮ್ಮ ಹಾಳೆಯನ್ನೇ ನೋಡುತ್ತಿದ್ದವರು ಹೇಳಿದರು: ‘ನಾನೂ ಕಟ್ಟುದೇ ಅಲ್ವಾ ಮೇಡಂ? ಸಾವಿರ ಬೀಡಿ ಕಟ್ಟಿದ್ರೆ ಸಾವಿರ ಬೀಡಿ ಕಾಣ್ತದೆ. ಇವ ಎರಡು ವರ್ಷ ಕಟ್ಟಿದ್ದು ಎಂತ ಕಾಣುದಿಲ್ಲ?’

ಹುಡುಗ ಅತ್ತುಬಿಟ್ಟ. ನಾನು ಸುಮ್ನೆ ಕೂತೆ.

ಆಮೇಲೆ ಅಮ್ಮನೇ ಬಳೆ ಮುಟ್ಟಿಕೊಂಡರು, ನಾನು ಬೇಡ ಅನ್ನಲಿಲ್ಲ. ಇದಕ್ಕೆ ನನ್ನ ಜೊತೆ ಕೆಲಸ ಮಾಡುವವರೇ ಬೈದರು, ತಾಯಿಯ ಚಿನ್ನ ಅಡವಿಡಿಸಿದ್ದು ಆಪ್ತಸಲಹೆಯಾ ಅಂತ. ಆದರೆ ನೋಡಿ, ಬ್ಯಾಂಕಿನಲ್ಲಿ ಅವರಿಗೆ ಚಿನ್ನದ ಸಾಲ ಸಿಕ್ಕಿದ್ದು ವರ್ಷಕ್ಕೆ ಶೇ. 10ಕ್ಕೆ, ಕಾರ್ಡಿನದ್ದು ವರ್ಷಕ್ಕೆ ಶೇ. 42. ಆ ಸಾಲದಿಂದ ಕಾರ್ಡಿನ ಬಾಕಿ ತೀರಿಸಿ, ಅದೇ 4,000 ಚಿನ್ನದ ಸಾಲಕ್ಕೆ ಹಾಕುತ್ತಾ ಹೋದರೆ ಸುಮಾರು 22 ತಿಂಗಳಲ್ಲಿ ಬಳೆ ವಾಪಸ್. ನಮ್ಮ ಕಡೆ ಚಿನ್ನ ಅಡವಿಡುವುದು ಮರ್ಯಾದೆಯ ಪ್ರಶ್ನೆ, ಕಾರ್ಡಿನ ಸಾಲ ಯಾರಿಗೂ ಕಾಣದ್ದರಿಂದ ಅದು ಸಾಲವೇ ಅಲ್ಲ. ಆ ಮರ್ಯಾದೆಗೆ ಅವನು ತಿಂಗಳಿಗೆ 3,300 ತೆರುತ್ತಿದ್ದ, ನಿದ್ದೆ ಬೇರೆ. ಒಂದು ಷರತ್ತು ಮಾತ್ರ ಗಟ್ಟಿಯಾಗಿ ಹಾಕಿದೆ: ಕಾರ್ಡು ಅಮ್ಮನ ಹತ್ತಿರ, ಫೋನಿನ ಆ್ಯಪ್‌ಗಳಿಂದಲೂ ತೆಗೆಯಬೇಕು. ಕೈಯಲ್ಲಿ ಕಾರ್ಡು ಉಳಿದರೆ ಎರಡೂ ಸಾಲ ಆಗುತ್ತದೆ, ಅಂಥವರಿಗೆ ನಾನು ಚಿನ್ನದ ಮಾತೇ ಎತ್ತುವುದಿಲ್ಲ.

ಮೊನ್ನೆ ಫೋನ್ ಮಾಡಿದ್ದ. ಕಾರ್ಡು ಅಮ್ಮನ ಬೀಡಿ ತಡ್ಪೆಯ (ಮೊರದ) ಅಡಿಯಲ್ಲಿದೆಯಂತೆ. ಅಮ್ಮ ಈಗ ‘ಕಟ್ಟಿದ್ಯಾ’ ಅಂತ ಕೇಳುವುದಿಲ್ಲ, ‘ಎಷ್ಟು ಇಳೀತು’ ಅಂತ ಕೇಳುತ್ತಾರಂತೆ. ತಂಗಿಗೆ ಮಾತ್ರ ಇನ್ನೂ ಹೇಳಿಲ್ಲ, ಬಳೆ ಪಾಲಿಶ್‌ಗೆ ಕೊಟ್ಟಿದ್ದೇವೆ ಅಂದಿದ್ದಾರೆ.