ಸರ್ಕಾರಿ ಹೈಸ್ಕೂಲು: ಪರ್ಸೆಂಟ್ ಒಂದನ್ನೇ ನೋಡಬೇಡಿ

ನಿಮ್ಮೂರಿನ ಎರಡು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂದರ ಫಲಿತಾಂಶ 95 ಪರ್ಸೆಂಟ್, ಇನ್ನೊಂದರದ್ದು 88, ಮಗಳನ್ನು ಯಾವುದಕ್ಕೆ ಸೇರಿಸಲಿ ಅಂತ ಕೇಳಿದ್ದೀರಿ. ಎಷ್ಟು ಮಕ್ಕಳು ಪರೀಕ್ಷೆ ಬರೆದರು ಅಂತ ಮೊದಲು ವಿಚಾರಿಸಿ. 20 ಮಕ್ಕಳಿರುವ ಕಡೆ ಒಬ್ಬರು ಫೇಲಾದರೆ 5 ಪರ್ಸೆಂಟ್ ಇಳಿಯುತ್ತದೆ. 200 ಮಕ್ಕಳಿದ್ದರೆ ಅರ್ಧ ಪರ್ಸೆಂಟ್ ಅಷ್ಟೆ. ಅದಕ್ಕೇ ನಾಲ್ಕೈದು ವರ್ಷದ ಫಲಿತಾಂಶ ಒಟ್ಟಿಗೆ ನೋಡಿ. ಸೇರಿದವರಲ್ಲಿ ಎಷ್ಟು ಜನ ಕೊನೆಯ ಪರೀಕ್ಷೆಯವರೆಗೂ ಉಳಿದರು ಅಂತಲೂ ಕೇಳಿ. ಓದಿನಲ್ಲಿ ಹಿಂದಿರುವ ಮಕ್ಕಳು ಮಧ್ಯದಲ್ಲೇ ಬಿಟ್ಟುಹೋದರೆ ಪರ್ಸೆಂಟ್ ತಾನಾಗಿ ಏರುತ್ತದೆ, ಅಲ್ವಾ?

ಆಮೇಲೆ ಎರಡೂ ಕಡೆ ಹೋಗಿ ಬನ್ನಿ. ಗಣಿತ, ವಿಜ್ಞಾನಕ್ಕೆ ಕಾಯಂ ಟೀಚರ್ ಇದ್ದಾರಾ? ಲ್ಯಾಬಿನ ಮೇಜಿನ ಮೇಲೆ ಬೆರಳಾಡಿಸಿ. ದಪ್ಪ ಧೂಳು ಹತ್ತಿದರೆ ಅಲ್ಲಿ ಪ್ರಯೋಗ ಮಾಡಿಸಿ ಬಹಳ ದಿನವಾಗಿದೆ. ಒಂದಿಬ್ಬರು ಮಕ್ಕಳನ್ನು ಕೇಳಿ ನೋಟ್‌ಬುಕ್ ತೆರೆದು ನೋಡಿ. ಸುಮ್ನೆ ಟಿಕ್ ಹಾಕಿದ್ದಾರಾ, ಅಥವಾ ತಪ್ಪಾದ ಲೆಕ್ಕದ ಪಕ್ಕದಲ್ಲಿ ಎಲ್ಲಿ ಎಡವಿದ್ದು ಅಂತ ಬರೆದಿದ್ದಾರಾ? ನನ್ನ ಮಟ್ಟಿಗೆ ಇದು ಪರ್ಸೆಂಟ್‌ಗಿಂತ ಜಾಸ್ತಿ ಮುಖ್ಯ. ಹುಡುಗಿಯರ ಶೌಚಾಲಯದಲ್ಲಿ ನೀರು ಬರುತ್ತಾ, ಬಾಗಿಲಿಗೆ ಚಿಲಕ ಇದೆಯಾ ಅಂತ ತಪ್ಪದೆ ನೋಡಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.