ಡಾಪ್ಲರ್ ಸ್ಕ್ಯಾನ್‌ಗೆ ಹೆದರಬೇಕಾ?

ಪ್ರಶ್ನೆ: ಅಮ್ಮನ ಒಂದು ಕಾಲು ಊದಿಕೊಂಡಿದೆ. ಡಾಕ್ಟರ್ ಡಾಪ್ಲರ್ ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. ಸೂಜಿ ಚುಚ್ಚುತ್ತಾರಾ? ನೋವಾಗುತ್ತಾ?

ಉತ್ತರ: ಸೂಜಿ ಇಲ್ಲ, ಎಕ್ಸ್‌ರೇ ತರಹದ ವಿಕಿರಣವೂ ಇಲ್ಲ. ಬರೀ ಶಬ್ದದ ಅಲೆಗಳಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಸ್ಕ್ಯಾನ್ ಇದು. ಕಾಲಿಗೆ ತಣ್ಣನೆಯ ಜೆಲ್ ಹಚ್ಚಿ, ಪ್ರೋಬ್ ಅನ್ನೋ ಸಣ್ಣ ಉಪಕರಣವನ್ನು ತೊಡೆಸಂದಿಯಿಂದ ಮೀನಖಂಡದವರೆಗೆ ಆಡಿಸುತ್ತಾ ಅಲ್ಲಲ್ಲಿ ಒತ್ತಿ ನೋಡುತ್ತಾರೆ. ಸುಮ್ನೆ ಒತ್ತುವುದಲ್ಲ ಅದು. ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ ಚೆನ್ನಾಗಿದ್ದರೆ ಒತ್ತಿದ ಕೂಡಲೇ ಚಪ್ಪಟೆಯಾಗುತ್ತದೆ, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಆಗುವುದಿಲ್ಲ. ಊದಿದ ಜಾಗ ನೋಯಬಹುದು, ಜಾಸ್ತಿಯಾದರೆ ಅಮ್ಮ ಹೇಳಲಿ. ಮಧ್ಯೆ ‘ಶೂ ಶೂ’ ಅಂತ ಕೇಳಿಸಿದರೆ ಗಾಬರಿ ಬೇಡ, ಅದು ರಕ್ತ ಹರಿಯುವುದನ್ನೇ ಮಷೀನು ಸದ್ದಾಗಿ ಕೇಳಿಸೋದು. ಕಾಲಿನ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ, ಸಡಿಲವಾದ ಬಟ್ಟೆ ಸಾಕು. ಒಂದೇ ಕಾಲು ಊದಿದೆ ಅಂತೀರಲ್ವಾ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ದಯವಿಟ್ಟು ಮುಂದೂಡಬೇಡಿ. ಎದೆನೋವು, ಏದುಸಿರು ಬಂದರಂತೂ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.